ಕೆಲಸ ಕೊಟ್ಟಿರಿ, ಒಟಿಪಿ ಮಾತ್ರ ನಿಮ್ಮಲ್ಲೇ ಉಳಿಯಿತು

ಪ್ರಶ್ನೆ: ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಪಂಪಿನ ಬಿಡಿಭಾಗ ತಯಾರಿಸುವ ಪಾಲುದಾರಿಕೆ ಸಂಸ್ಥೆಯೊಂದರ ಕಚೇರಿ ವ್ಯವಸ್ಥಾಪಕಿ ನಾನು. ಮೊದಲು ಅಲ್ಲಿಯೇ ಲೆಕ್ಕ ನೋಡುತ್ತಿದ್ದೆ, ಎರಡು ವರ್ಷದ ಹಿಂದೆ ಈ ಹುದ್ದೆಗೆ ಏರಿಸಿದರು. ಬಿಲ್ಲಿಂಗ್ ಮತ್ತು ರವಾನೆಗೆ ಒಬ್ಬ ಹುಡುಗ, ಲೆಕ್ಕಕ್ಕೆ ಬಿ.ಕಾಂ. ಮುಗಿಸಿ ಬಂದ ಸಹಾಯಕಿ, ರಿಸೆಪ್ಷನ್‌ಗೆ ಒಬ್ಬರು, ಸಂಸ್ಥೆ ಶುರುವಾದಾಗಿನಿಂದ ಇರುವ ಹಿರಿಯ ಗುಮಾಸ್ತರು ಒಬ್ಬರು. ಅವರನ್ನು ನಾನು ಕಾಕಾ ಎಂದೇ ಕರೆಯುವುದು. ಇಷ್ಟು ಜನರಿದ್ದರೂ ರಾತ್ರಿ ಎಂಟೂವರೆಯವರೆಗೆ ಕಚೇರಿಯಲ್ಲಿ ಉಳಿಯುವವಳು ನಾನೊಬ್ಬಳೇ. ಕೆಲಸ ಹಂಚು ಎಂದು ಮನೆಯವರು ಹೇಳುತ್ತಾರೆ. ಹಂಚಿಯೂ ನೋಡಿದೆ. ಬ್ಯಾಂಕಿಗೆ ಕೊಡುವ ತಿಂಗಳ ಸ್ಟಾಕ್ ಸ್ಟೇಟ್‌ಮೆಂಟನ್ನು, ಅಂದರೆ ದಾಸ್ತಾನು ಮತ್ತು ಗ್ರಾಹಕರಿಂದ ಬರಬೇಕಾದ ಹಣದ ವಿವರವನ್ನು, ಸಹಾಯಕಿಗೆ ಒಪ್ಪಿಸಿದರೆ ತೊಂಬತ್ತು ದಿನ ಮೀರಿದ ಬಾಕಿಗಳನ್ನೂ ಸೇರಿಸಿ ಕಳಿಸಿಬಿಟ್ಟಳು. ಬ್ಯಾಂಕಿನವರು ಮಾಲೀಕರಿಗೆ ಫೋನ್ ಮಾಡಿದರು, ಮಾಲೀಕರು ನನ್ನನ್ನು ಕೇಳಿದರು. ಮರುತಿಂಗಳಿನಿಂದ ಮತ್ತೆ ನಾನೇ ಮಾಡುತ್ತಿದ್ದೇನೆ. ಸರಕು ಸಾಗಿಸಲು ಆನ್‌ಲೈನ್‌ನಲ್ಲಿ ತೆಗೆಯಬೇಕಾದ ಇ-ವೇ ಬಿಲ್ ರವಾನೆಯ ಹುಡುಗನ ಕೆಲಸ, ಆದರೂ ನಾನು ಊಟಕ್ಕೆ ಕುಳಿತಾಗಲೂ ಒಟಿಪಿ ಕೇಳಿಕೊಂಡು ಬರುತ್ತಾನೆ. ಕಾಕಾ ಅವರಿಗೆ ಕೆಲಸ ಹೇಳಲು ನನಗೆ ಬಾಯಿ ಬರುವುದಿಲ್ಲ. ಹೇಳಿಕೊಡುವ ಹೊತ್ತಿನಲ್ಲಿ ನಾನೇ ಮುಗಿಸಬಹುದಲ್ಲ ಅನ್ನಿಸುತ್ತದೆ. ಇನ್ನೊಂದು ಮಾತು: ಎಲ್ಲರೂ ಎಲ್ಲವನ್ನೂ ಕಲಿತರೆ ನಾನೇಕೆ ಬೇಕು ಎಂದು ಮಾಲೀಕರಿಗೆ ಅನ್ನಿಸುವುದಿಲ್ಲವೇ?

ಉತ್ತರ: ಕೆಲಸ ಹಂಚಲು ಕಲಿಯಿರಿ ಎಂದು ನಿಮಗೆ ಯಾರೂ ಹೇಳಬೇಕಾಗಿಲ್ಲ. ನೀವು ಹಂಚಿದ್ದೀರಿ. ಹಂಚಿದ್ದು ಅಲ್ಲಿ ನಿಲ್ಲದೆ ತಿರುಗಿ ನಿಮ್ಮ ಮೇಜಿಗೇ ಬಂದಿದೆ. ಅದು ಏಕೆ ಬಂತು ಎಂದು ಮೊದಲು ನೋಡೋಣ.

ಸಣ್ಣ ಕಾರ್ಖಾನೆಗಳ ಕಚೇರಿಗಳನ್ನು ಒಂದು ಹದಕ್ಕೆ ತರುವುದು ನನ್ನ ಉದ್ಯೋಗ. ಅಂಥ ಕಡೆ ಹೋದಾಗ ಯಾರಿಗೆ ಯಾವ ಕೆಲಸ ಎಂಬ ಪಟ್ಟಿಯನ್ನು ಎಲ್ಲರೂ ಉತ್ಸಾಹದಿಂದ ತೋರಿಸುತ್ತಾರೆ. ಅದನ್ನು ಪಕ್ಕಕ್ಕಿಟ್ಟು ಮೂರು ಪ್ರಶ್ನೆ ಕೇಳುತ್ತೇನೆ. ಒಟಿಪಿ ಯಾರ ಮೊಬೈಲಿಗೆ ಬರುತ್ತದೆ? ಮೂಲ ಕಾಗದ ಯಾರ ಕಪಾಟಿನಲ್ಲಿದೆ? ಹೊರಗಿನವರು ಯಾರಿಗೆ ಫೋನ್ ಮಾಡುತ್ತಾರೆ? ಮೂರಕ್ಕೂ ಒಂದೇ ಹೆಸರು ಬಂದರೆ, ಪಟ್ಟಿಯಲ್ಲಿ ಏನೇ ಬರೆದಿರಲಿ, ಆ ಕಚೇರಿಯ ಕೆಲಸವೆಲ್ಲ ಆ ಒಬ್ಬರದೇ.

ನಿಮ್ಮ ಸ್ಟಾಕ್ ಸ್ಟೇಟ್‌ಮೆಂಟಿನ ಪ್ರಸಂಗವನ್ನೇ ತೆಗೆದುಕೊಳ್ಳಿ. ತೊಂಬತ್ತು ದಿನ ಮೀರಿದ ಬಾಕಿಯನ್ನು ಲೆಕ್ಕಕ್ಕೆ ಹಿಡಿಯಬಾರದು ಎಂಬ ನಿಯಮ ಎಲ್ಲಿದೆ? ದಾಸ್ತಾನು, ಬಾಕಿಗಳ ಆಧಾರದ ಮೇಲೆ ಬ್ಯಾಂಕು ನಿಮಗೆ ಕೊಡುವ ಕ್ಯಾಶ್ ಕ್ರೆಡಿಟ್ ಸಾಲದ ಮಂಜೂರಾತಿ ಪತ್ರದಲ್ಲಿ. ಹಣ ಕೊಡದೆ ತಂದ ಕಚ್ಚಾ ಮಾಲನ್ನು ಕಳೆಯಬೇಕು, ಇಷ್ಟು ಶೇಕಡಾ ಮಾರ್ಜಿನ್ (ಸಾಲ ಸಿಗದ ಪಾಲು) ಬಿಡಬೇಕು, ಇಷ್ಟನೇ ತಾರೀಖಿನೊಳಗೆ ಕೊಡಬೇಕು ಎಂಬುದೆಲ್ಲ ಇರುವುದೂ ಅದರಲ್ಲೇ. ಆ ಪತ್ರವನ್ನು ನಿಮ್ಮ ಸಹಾಯಕಿ ನೋಡಿದ್ದಾಳೆಯೇ? ಇಲ್ಲವೆಂದೇ ನನ್ನ ಊಹೆ. ಹಿಂದಿನ ತಿಂಗಳ ಎಕ್ಸೆಲ್ ಹಾಳೆ ಕೊಟ್ಟು ‘ಇದರಂತೆ ಮಾಡಮ್ಮ’ ಎಂದಿರುತ್ತೀರಿ. ಹಾಳೆಯಲ್ಲಿ ಅಂಕಿ ಇರುತ್ತದೆ, ಅಂಕಿಯ ಹಿಂದಿನ ಕಾರಣ ಇರುವುದಿಲ್ಲ. ಆ ಕಾರಣ ಲೆಕ್ಕ ನೋಡುತ್ತಿದ್ದ ಅಷ್ಟು ವರ್ಷಗಳಲ್ಲಿ ನಿಮ್ಮ ತಲೆಯಲ್ಲಿ ಕೂತಿದೆ. ನೀವು ಒಪ್ಪಿಸಿದ್ದು ಟೈಪಿಂಗನ್ನು, ತೀರ್ಮಾನವನ್ನಲ್ಲ. ಸೊಸೆಗೆ ಅಡುಗೆಮನೆ ಬಿಟ್ಟುಕೊಟ್ಟು ಉಪ್ಪಿನ ಡಬ್ಬಿ ಮಾತ್ರ ತನ್ನ ಕೋಣೆಯಲ್ಲಿ ಇಟ್ಟುಕೊಂಡ ಅತ್ತೆಯ ಹಾಗೆ ಆಯಿತು ಇದು. ಸಾರು ಸಪ್ಪೆಯಾದಾಗ ಬೈಸಿಕೊಂಡವಳು ಸೊಸೆ.

ಒಂದು ತಪ್ಪಾದ ಮೇಲೆ ಕೆಲಸವನ್ನು ಹಿಂದಕ್ಕೆ ಪಡೆದದ್ದು ತಪ್ಪಿಗಿಂತ ದುಬಾರಿಯಾಯಿತು. ‘ತಪ್ಪಿದರೆ ಮೇಡಂ ವಾಪಸ್ ತೆಗೆದುಕೊಳ್ಳುತ್ತಾರೆ’ ಎಂಬ ಪಾಠವನ್ನು ಸಹಾಯಕಿ ಮಾತ್ರವಲ್ಲ, ಪಕ್ಕದ ಮೇಜಿನವರೂ ಕಲಿತರು. ಜಾಣ ಕೆಲಸಗಾರರು ಇದನ್ನು ಬಳಸಿಕೊಳ್ಳುವುದೂ ಉಂಟು. ಬೇಡದ ಕೆಲಸವನ್ನು ಒಮ್ಮೆ ಕೆಡಿಸಿಟ್ಟರೆ ಸಾಕು, ಮತ್ತೆ ಅದು ಅವರ ಬಳಿ ಸುಳಿಯುವುದಿಲ್ಲ.

‘ಹೇಳಿಕೊಡುವ ಹೊತ್ತಿನಲ್ಲಿ ನಾನೇ ಮುಗಿಸಬಹುದು’ ಎನ್ನುತ್ತೀರಿ. ಈ ಸಲದ ಮಟ್ಟಿಗೆ ಅದು ನೂರಕ್ಕೆ ನೂರು ನಿಜ. ನೀವು ಮೂರು ಗಂಟೆಯಲ್ಲಿ ಮಾಡುವುದನ್ನು ಹೇಳಿಕೊಟ್ಟು ಮಾಡಿಸಲು ಆರು ಗಂಟೆ ಹಿಡಿಯುತ್ತದೆ ಎಂದುಕೊಳ್ಳೋಣ. ಮೂರು ತಿಂಗಳು ಹೀಗೆ ಆರಾರು ಗಂಟೆ ಕೊಟ್ಟು, ಆಮೇಲೆ ಒಂಬತ್ತು ತಿಂಗಳು ಅರ್ಧ ಗಂಟೆಯ ಪರಿಶೀಲನೆ ಮಾತ್ರ ಇಟ್ಟುಕೊಂಡರೆ ವರ್ಷಕ್ಕೆ ಇಪ್ಪತ್ತೆರಡೂವರೆ ಗಂಟೆ. ನೀವೇ ಮಾಡಿದರೆ ಮೂವತ್ತಾರು. ತಿಂಗಳು ತಿಂಗಳು ಬರುವ ಕೆಲಸಕ್ಕೆ ಮಾತ್ರ ಈ ಲೆಕ್ಕ ಹೊಂದುತ್ತದೆ. ವರ್ಷಕ್ಕೊಮ್ಮೆ ಬರುವ ವಿಮಾ ನವೀಕರಣದಂಥದ್ದನ್ನು ಕಲಿಸಲು ಕೂರಬೇಡಿ, ನೀವೇ ಮಾಡಿ ಮುಗಿಸಿ. ಎಲ್ಲವನ್ನೂ ಹಂಚಲೇಬೇಕು ಎಂಬುದೂ ಒಂದು ಭ್ರಮೆ.

ಎರಡನೆಯ ನಂಬಿಕೆ, ‘ಏನಾದರೂ ಆದರೆ ನನ್ನ ತಲೆಗೇ ಬರುತ್ತದೆ’ ಎಂಬುದು. ಇದು ನಿಜ, ಇದರಿಂದ ನಿಮಗೆ ಬಿಡುಗಡೆಯೂ ಇಲ್ಲ. ತೆರಿಗೆ ಲೆಕ್ಕ ಕೊಟ್ಟು ಕಟ್ಟುವ ಜಿಎಸ್‌ಟಿ ರಿಟರ್ನ್ ಜಿಎಸ್‌ಟಿಆರ್-3ಬಿ ತಡವಾದರೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ, ಕಟ್ಟದ ತೆರಿಗೆಗೆ ವರ್ಷಕ್ಕೆ ಶೇ. 18ರ ಬಡ್ಡಿ. ಪಿಎಫ್ ತಡವಾದರೆ ಶೇ. 12ರ ಬಡ್ಡಿ, ಮೇಲೆ ದಂಡ. ಸಹಾಯಕಿ ಮರೆತಳು ಎಂದು ಯಾವ ಇಲಾಖೆಯೂ ಮನ್ನಾ ಮಾಡುವುದಿಲ್ಲ, ಮಾಲೀಕರೂ ಮಾಡುವುದಿಲ್ಲ. ಮಾಡುವ ಕೆಲಸವನ್ನು ಇನ್ನೊಬ್ಬರಿಗೆ ಕೊಡಬಹುದು, ಉತ್ತರ ಹೇಳುವ ಹೊಣೆ ನಿಮ್ಮಲ್ಲೇ ಉಳಿಯುತ್ತದೆ. ಅದಕ್ಕೇ ಯಾವುದನ್ನು ಮೊದಲು ಬಿಡಬೇಕು ಎಂಬ ಆಯ್ಕೆಯಲ್ಲಿ ಜಾಣತನ ಬೇಕು.

ಹಲವರು ಸುಲಭದ ಕೆಲಸವನ್ನು ಮೊದಲು ಬಿಡುತ್ತಾರೆ. ನನ್ನ ಅಳತೆಗೋಲು ಬೇರೆ. ತಪ್ಪಾದರೆ ತಿದ್ದಲು ಬರುವುದನ್ನು ಮೊದಲು ಬಿಡಿ.

ಈ ಅಳತೆಯಿಂದ ನಿಮ್ಮ ಮೇಜನ್ನು ನೋಡೋಣ. ಇ-ವೇ ಬಿಲ್‌ನಲ್ಲಿ ತಪ್ಪು ನುಸುಳಿದರೆ, ದಾರಿಯಲ್ಲಿ ಅಧಿಕಾರಿಗಳು ಪರಿಶೀಲಿಸಿರದಿದ್ದರೆ, 24 ಗಂಟೆಯೊಳಗೆ ರದ್ದು ಮಾಡಿ ಹೊಸದನ್ನು ತೆಗೆಯಬಹುದು. ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1ರಲ್ಲಿ ತಪ್ಪಾದರೆ ಅದೇ ತಿಂಗಳ 3ಬಿ ಸಲ್ಲಿಸುವ ಮೊದಲು ಜಿಎಸ್‌ಟಿಆರ್-1ಎ ಮೂಲಕ ತಿದ್ದಿಕೊಳ್ಳುವ ಅವಕಾಶ 2024ರಿಂದ ಇದೆ. ಅದೂ ತಪ್ಪಿದರೆ ಮುಂದಿನ ತಿಂಗಳ ರಿಟರ್ನ್‌ನಲ್ಲಿ ತಿದ್ದುಪಡಿ ತೋರಿಸಬಹುದು. ಸ್ಟಾಕ್ ಸ್ಟೇಟ್‌ಮೆಂಟ್ ತಪ್ಪಾದರೆ ಸರಿಪಡಿಸಿ ಮತ್ತೆ ಕೊಡಬಹುದು, ಒಂದು ಫೋನಿನ ಮುಜುಗರ ಅಷ್ಟೆ. ಆದರೆ ಸಲ್ಲಿಸಿದ 3ಬಿಯನ್ನು ಹಿಂದಕ್ಕೆ ಪಡೆದು ತಿದ್ದಲು ಬರುವುದಿಲ್ಲ. ತಪ್ಪು ಖಾತೆಗೆ ಹೋದ ಆರ್‌ಟಿಜಿಎಸ್ ಹಣವನ್ನು ಮರಳಿ ಪಡೆಯುವಷ್ಟರಲ್ಲಿ ಜೀವ ಹೋಗುತ್ತದೆ. ಸಂಬಳದ ವಿವರ ಒಮ್ಮೆ ಹೊರಬಿದ್ದರೆ ಮುಗಿಯಿತು. ಹಾಗಾಗಿ ಮೊದಲ ಮೂರನ್ನು ಈ ತಿಂಗಳೇ ಬಿಡಬಹುದು. ಕೊನೆಯ ಮೂರರಲ್ಲಿ ತಯಾರಿ ಬೇರೆಯವರದಾಗಲಿ, ಕೊನೆಯ ಗುಂಡಿ ಒತ್ತುವುದು ನಿಮ್ಮ ಕೈಯಲ್ಲೇ ಇರಲಿ. ಶಿಸ್ತುಕ್ರಮ, ಸಂಬಳ ಏರಿಕೆ, ಯಾರನ್ನಾದರೂ ಕೆಲಸದಿಂದ ಬಿಡಿಸುವ ಮಾತು, ಇವುಗಳನ್ನು ಎಂದಿಗೂ ಕೆಳಗೆ ಇಳಿಸಬೇಡಿ.

ಇನ್ನು ಒಟಿಪಿ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಬೇಸರ ತಂದದ್ದು ಇದೇ, ಏಕೆಂದರೆ ಇದಕ್ಕೆ ಪರಿಹಾರ ಸಿದ್ಧವಾಗಿಯೇ ಇದೆ. ಹುಡುಗ ನಿಮ್ಮ ಯೂಸರ್ ಐಡಿ, ನಿಮ್ಮ ಪಾಸ್‌ವರ್ಡ್ ಬಳಸುತ್ತಿದ್ದಾನೆ, ಅಲ್ಲವೇ? 2025ರ ಏಪ್ರಿಲ್‌ನಿಂದ ಇ-ವೇ ಬಿಲ್ ಜಾಲತಾಣಕ್ಕೆ ಪಾಸ್‌ವರ್ಡಿನ ಜೊತೆಗೆ ಒಟಿಪಿಯೂ ಎಲ್ಲರಿಗೂ ಕಡ್ಡಾಯವಾಗಿದೆ. ಐವತ್ತು ಸಾವಿರ ರೂಪಾಯಿ ಮೀರಿದ ಸರಕು ಹೊರಡಬೇಕೆಂದರೆ ಬಿಲ್ ಬೇಕು, ಬಿಲ್ ಬೇಕೆಂದರೆ ನಿಮ್ಮ ಮೊಬೈಲ್ ಬೇಕು. ಲಾರಿ ಅಂಗಳದಲ್ಲಿ ನಿಂತಿರುತ್ತದೆ, ಚಾಲಕ ಹಾರ್ನ್ ಹಾಕುತ್ತಿರುತ್ತಾನೆ, ನೀವು ತುತ್ತು ಕೈಯಲ್ಲಿ ಹಿಡಿದು ಅಂಕಿ ಓದಿ ಹೇಳುತ್ತಿರುತ್ತೀರಿ. ಅದೇ ಜಾಲತಾಣದಲ್ಲಿ ಮುಖ್ಯ ಬಳಕೆದಾರರು ತಮ್ಮ ಕೆಳಗೆ ಉಪ-ಬಳಕೆದಾರರನ್ನು ಸೃಷ್ಟಿಸಿ, ಯಾರು ಏನನ್ನು ಮಾಡಬಹುದು ಎಂದು ಗೊತ್ತುಮಾಡುವ ಸೌಲಭ್ಯವಿದೆ. ಉಪ-ಬಳಕೆದಾರರ ಒಟಿಪಿ ಅವರ ಮೊಬೈಲಿಗೇ ಹೋಗುತ್ತದೆ. ಒಂದು ಮಧ್ಯಾಹ್ನದ ಕೆಲಸ. ಅಂದಿನಿಂದ ಯಾವ ಬಿಲ್ಲನ್ನು ಯಾರು ತೆಗೆದರು ಎಂಬುದಕ್ಕೂ ದಾಖಲೆ ಇರುತ್ತದೆ. ಸದ್ಯಕ್ಕೆ ಎಲ್ಲವೂ ನಿಮ್ಮ ಹೆಸರಿನಲ್ಲೇ ದಾಖಲಾಗುತ್ತಿದೆ ಎಂಬುದನ್ನು ನೀವು ಯೋಚಿಸಿದ್ದೀರೋ ಇಲ್ಲವೋ!

ಅಪಾಯವನ್ನೂ ಹೇಳಿಬಿಡುತ್ತೇನೆ. ಬಿಲ್ ಇಲ್ಲದೆಯೋ ತಪ್ಪು ವಿವರದೊಂದಿಗೋ ಹೊರಟ ಸರಕು ದಾರಿಯಲ್ಲಿ ಸಿಕ್ಕಿಬಿದ್ದರೆ ಅದರ ಮೇಲಿನ ತೆರಿಗೆಯ ಎರಡರಷ್ಟು ದಂಡ ಕಟ್ಟಿ ಬಿಡಿಸಿಕೊಳ್ಳುವ ಪ್ರಸಂಗ ಬರಬಹುದು. ಆದ್ದರಿಂದ ಮೊದಲ ಎರಡು ವಾರ ಹುಡುಗ ತೆಗೆದ ಬಿಲ್‌ಗಳನ್ನು ಲಾರಿ ಹೊರಡುವ ಮುನ್ನ ನೀವೊಮ್ಮೆ ನೋಡಿ. ಮುಖ್ಯವಾಗಿ ವಾಹನ ಸಂಖ್ಯೆ, ದೂರ, ಬಿಲ್ಲಿನ ಮೊತ್ತ. 200 ಕಿಲೋಮೀಟರಿಗೆ ಒಂದು ದಿನದಂತೆ ಅವಧಿ ಲೆಕ್ಕವಾಗುವುದರಿಂದ ದೂರ ತಪ್ಪಿದರೆ ಲಾರಿ ದಾರಿಯಲ್ಲಿರುವಾಗಲೇ ಬಿಲ್ಲಿನ ಅವಧಿ ಮುಗಿಯುತ್ತದೆ. ಆಮೇಲೆ ಸಂಜೆಗೊಮ್ಮೆ ಪಟ್ಟಿ ನೋಡಿದರೆ ಸಾಕು.

ಇದೇ ದಾರಿ ಬೇರೆಡೆಯೂ ಇದೆ. ಲೆಕ್ಕದ ತಂತ್ರಾಂಶ ಟ್ಯಾಲಿಯಲ್ಲಿ ಪ್ರತಿಯೊಬ್ಬರಿಗೂ ಬೇರೆ ಲಾಗಿನ್ ಕೊಟ್ಟು, ಯಾರು ಏನನ್ನು ನೋಡಬಹುದು, ಏನನ್ನು ತಿದ್ದಬಹುದು ಎಂದು ಗೊತ್ತುಮಾಡಬಹುದು. ಸಂಸ್ಥೆಗಳ ನೆಟ್ ಬ್ಯಾಂಕಿಂಗ್‌ನಲ್ಲಿ ಮೇಕರ್ ಮತ್ತು ಚೆಕರ್ ಎಂಬ ಎರಡು ಪಾತ್ರಗಳಿವೆ. ಸಹಾಯಕಿ ಪಾವತಿಯನ್ನು ಸಿದ್ಧಪಡಿಸುತ್ತಾಳೆ, ನೀವೋ ಮಾಲೀಕರೋ ಒಪ್ಪಿಗೆ ಒತ್ತುತ್ತೀರಿ. ಎರಡೂ ಪಾತ್ರ ಒಬ್ಬರದೇ ಆಗಿರುವ ಕಚೇರಿಯಲ್ಲಿ ಹಣ ಹೋದರೆ ಪತ್ತೆಯಾಗುವುದು ತಡ. ಅದು ನಿಮ್ಮ ಪ್ರಾಮಾಣಿಕತೆಯ ಪ್ರಶ್ನೆಯಲ್ಲ. ನಾಳೆ ಯಾರಾದರೂ ಬೆರಳು ತೋರಿಸಿದಾಗ ನಿಮ್ಮನ್ನು ಕಾಯುವುದೇ ಈ ಎರಡನೆಯ ಕಣ್ಣು.

ಇದರ ಎದುರು ತುದಿಯಲ್ಲಿ ಇನ್ನೊಂದು ರೋಗವಿದೆ, ನಿಮ್ಮಲ್ಲಿ ಅದು ಇಲ್ಲದಿದ್ದರೆ ಸಂತೋಷ. ಕೆಲಸ ಹಗುರವಾಗಲಿ ಎಂದು ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ನನ್ನೂ ಅದರ ಪಿನ್ನನ್ನೂ ಸಹಾಯಕರಿಗೋ ಆಡಿಟರ್ ಕಚೇರಿಯ ಹುಡುಗರಿಗೋ ಕೊಟ್ಟು ಮರೆತುಬಿಡುವುದು. ಪಿನ್ ಬರೆದ ಚೀಟಿಯನ್ನು ಟೋಕನ್‌ಗೇ ಅಂಟಿಸಿರುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಸಹಿಯ ಕೀಲಿಯನ್ನು ತನ್ನ ಹತೋಟಿಯಲ್ಲಿಟ್ಟುಕೊಳ್ಳುವುದು ಸಹಿದಾರರ ಕರ್ತವ್ಯ ಎಂದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 42ನೇ ಕಲಂ ಹೇಳುತ್ತದೆ. ಖಾಲಿ ಚೆಕ್‌ಗೆ ಸಹಿ ಹಾಕಿ ಕೊಡುವುದಿಲ್ಲ, ಆದರೆ ಇದನ್ನು ಕೊಡುತ್ತೇವೆ! ನಿಮ್ಮ ಸಂಸ್ಥೆಗೆ ಇನ್ನೊಬ್ಬ ಸಹಿದಾರರು ಬೇಕಾದರೆ ಜಿಎಸ್‌ಟಿ ನೋಂದಣಿಯಲ್ಲೇ ಹೆಚ್ಚುವರಿ ಅಧಿಕೃತ ಸಹಿದಾರರನ್ನು ಸೇರಿಸಲು ಅವಕಾಶವಿದೆ. ಅದನ್ನು ಬಳಸಿ.

ಕಾಕಾ ಅವರ ವಿಷಯ ಸೂಕ್ಷ್ಮ. ಗೌರವದಿಂದ ನೀವು ಅವರಿಗೆ ಕೆಲಸ ಹೇಳುವುದಿಲ್ಲ. ಅವರ ಕಡೆಯಿಂದ ಇದು ಹೇಗೆ ಕಾಣುತ್ತದೆ, ಒಮ್ಮೆ ಯೋಚಿಸಿ. ನಿನ್ನೆ ಮೊನ್ನೆ ಲೆಕ್ಕ ಬರೆಯುತ್ತಿದ್ದ ಹುಡುಗಿ ವ್ಯವಸ್ಥಾಪಕಿಯಾದಳು, ಅಂದಿನಿಂದ ತನ್ನ ಮುಂದೆ ಒಂದು ಕಾಗದವೂ ಬರುತ್ತಿಲ್ಲ. ಮೂಲೆಗೆ ಕೂರಿಸಿದರು ಎಂದೇ ಅವರು ತಿಳಿದಿರಬಹುದು. ಹಳಬರಿಗೆ ಕೆಲಸ ಕೊಡದಿರುವುದರಷ್ಟು ದೊಡ್ಡ ಅಗೌರವ ಇಲ್ಲ.

ಅವರಿಗೆ ಹೊಸ ಪೋರ್ಟಲ್‌ಗಳನ್ನು ಕಲಿಸುವ ಗೊಡವೆಗೆ ಹೋಗಬೇಡಿ. ಅವರ ಬಳಿ ನಿಮಗೂ ಇಲ್ಲದ ಒಂದು ಬಂಡವಾಳವಿದೆ, ಪೂರೈಕೆದಾರರ ಪರಿಚಯ. ಬೆಳಗಾವಿಯಿಂದ ಎರಕದ ಮಾಲು ಕಳಿಸುವ ಫೌಂಡ್ರಿಯವರು, ಊರಿನ ಬೇರಿಂಗ್ ಅಂಗಡಿಯವರು, ಸಾಗಣೆಯವರು, ಇವರಲ್ಲಿ ಯಾರ ಲೆಕ್ಕ ಎಂದಿನಿಂದ ತಾಳೆಯಾಗಿಲ್ಲ ಎಂಬುದು ಅವರಿಗೆ ಬಾಯಿಪಾಠ ಇರುತ್ತದೆ. ಪೂರೈಕೆದಾರರ ಲೆಕ್ಕ ತಾಳೆಯನ್ನು ಪೂರ್ತಿಯಾಗಿ ಅವರಿಗೆ ಒಪ್ಪಿಸಿ. ಕಿರು ಮತ್ತು ಸಣ್ಣ ಉದ್ಯಮಗಳಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಸಲ್ಲಿಸಬೇಕೆಂದು 2006ರ ಎಂಎಸ್‌ಎಂಇಡಿ ಕಾಯ್ದೆ ಹೇಳುವುದರಿಂದ ಈ ಕೆಲಸಕ್ಕೆ ಈಗ ತೂಕವೂ ಇದೆ. ಯಾರ ಬಾಕಿ ಆ ಗಡಿಯ ಹತ್ತಿರ ಬಂದಿದೆ ಎಂದು ಕಣ್ಣಿಡುವವರು ಒಬ್ಬರು ಬೇಕು.

ಹೇಳುವ ರೀತಿ ಮುಖ್ಯ. ಎಲ್ಲರೆದುರು ಬೇಡ, ಮೊಬೈಲ್ ಸಂದೇಶವಂತೂ ಬೇಡವೇ ಬೇಡ. ಅವರ ಮೇಜಿನ ಬಳಿ ಕುರ್ಚಿ ಎಳೆದುಕೊಂಡು ಕುಳಿತು, ‘ಕಾಕಾ, ಸಪ್ಲೈಯರ್ ಲೆಕ್ಕವನ್ನು ಇನ್ನು ನೀವೇ ಇಟ್ಟುಕೊಳ್ಳಬೇಕು. ಅವರೊಡನೆ ಮಾತಾಡಿ ಬಗೆಹರಿಸುವುದೆಲ್ಲ ನಿಮ್ಮದೇ. ಬಗೆಹರಿಯದ ಹೆಸರುಗಳನ್ನು ತಿಂಗಳ 25ಕ್ಕೆ ನನಗೆ ಕೊಟ್ಟರೆ ಸಾಕು’ ಎನ್ನಿ. ‘ಸ್ವಲ್ಪ ನೋಡಿರಿ ಕಾಕಾ’ ಎಂದು ಎಳೆದಾಡಿ ಹೇಳಿದರೆ ಅದು ಕೋರಿಕೆಯಾಗುತ್ತದೆ, ಕೆಲಸವಾಗುವುದಿಲ್ಲ. ತಾರೀಖು ಸ್ಪಷ್ಟವಾಗಿರಲಿ. 25 ದಾಟಿದರೆ ‘ಕಾಕಾ, 25 ಆಯಿತಲ್ಲ’ ಎಂದಷ್ಟೇ ಕೇಳಿ. ಅಲ್ಲಿ ವಯಸ್ಸು ಅಡ್ಡ ಬರುವುದಿಲ್ಲ, ಮಾತು ಇರುವುದು ತಾರೀಖಿನ ಬಗ್ಗೆ. ಒಂದು ಎಚ್ಚರಿಕೆ: ಅವರು ಕೈಬರಹದಲ್ಲಿ ಕೊಟ್ಟ ಪಟ್ಟಿಯನ್ನು ಟ್ಯಾಲಿಗೆ ಏರಿಸಲು ಸಹಾಯಕಿ ಅವರ ಬಳಿಗೆ ಹೋಗಲಿ, ಆದರೆ ಅವರ ತಪ್ಪು ಎತ್ತಿ ತೋರಿಸುವ ಕೆಲಸವನ್ನು ಆ ಹುಡುಗಿಗೆ ಹಚ್ಚಬೇಡಿ. ಅಲ್ಲಿಗೆ ಇಬ್ಬರೂ ಕೆಡುತ್ತಾರೆ.

ಸಹಾಯಕಿಗೆ ಮತ್ತೆ ಸ್ಟಾಕ್ ಸ್ಟೇಟ್‌ಮೆಂಟ್ ಕೊಡಿ. ಈ ಸಲ ಮಂಜೂರಾತಿ ಪತ್ರದ ಪ್ರತಿಯೊಂದಿಗೆ ಕೊಡಿ. ಅದನ್ನು ಓದಿ ನಿಯಮಗಳನ್ನು ಅವಳೇ ತನ್ನ ಮಾತಿನಲ್ಲಿ ಒಂದು ಪುಟ ಬರೆದು ತರಲಿ. ಬರೆದದ್ದರಲ್ಲಿ ಎಲ್ಲಿ ತೊಡಕಿದೆಯೋ ಅಲ್ಲಿ ಮಾತ್ರ ನೀವು ಹೇಳಿಕೊಡಿ. ಆಮೇಲೆ ಬ್ಯಾಂಕಿನ ಅಧಿಕಾರಿಗೆ ಒಂದು ಇ-ಮೇಲ್ ಹಾಕಿ, ಈ ವಿಷಯದಲ್ಲಿ ಇನ್ನು ಮುಂದೆ ಇವರನ್ನು ಸಂಪರ್ಕಿಸಿ ಎಂದು ಅವಳ ಹೆಸರು ತಿಳಿಸಿ. ಹೊರಗಿನವರಿಗೆ ಹೆಸರು ಗೊತ್ತಾಗುವವರೆಗೆ ಕೆಲಸ ಅವಳದಾಗುವುದಿಲ್ಲ.

ಪರಿಶೀಲನೆಗೆ ತಿಂಗಳ ಕ್ಯಾಲೆಂಡರನ್ನೇ ಬಳಸಿಕೊಳ್ಳಿ. ಟಿಡಿಎಸ್ 7ಕ್ಕೆ, ಜಿಎಸ್‌ಟಿಆರ್-1 ತಿಂಗಳ 11ಕ್ಕೆ, ಪಿಎಫ್ ಮತ್ತು ಇಎಸ್‌ಐ 15ಕ್ಕೆ, 3ಬಿ ಮತ್ತು ವೃತ್ತಿ ತೆರಿಗೆ 20ಕ್ಕೆ. ಪ್ರತಿಯೊಂದಕ್ಕೂ ಎರಡು ದಿನ ಮೊದಲು ಸಿದ್ಧವಾದ ಕಾಗದ ನಿಮ್ಮ ಮುಂದೆ ಬರಬೇಕು. ಆ ಎರಡು ದಿನ ಬಿಟ್ಟು ಉಳಿದ ದಿನಗಳಲ್ಲಿ ‘ಎಲ್ಲಿಗೆ ಬಂತು?’ ಎಂದು ಕೇಳುವ ಚಪಲವನ್ನು ತಡೆದುಕೊಳ್ಳಿ. ಬೆನ್ನ ಹಿಂದೆ ನಿಂತು ನೋಡುವವರಿದ್ದರೆ ಯಾರೂ ತಮ್ಮ ತಲೆ ಓಡಿಸುವುದಿಲ್ಲ. ತಪ್ಪು ಕಂಡಾಗ ನೀವೇ ಕೀಬೋರ್ಡ್ ಎಳೆದುಕೊಂಡು ತಿದ್ದಬೇಡಿ, ವಾಪಸ್ ಕಳಿಸಿ. ಇದು ಮೊದಲ ಕೆಲವು ತಿಂಗಳು ಬಹಳ ಕಷ್ಟ, ಅದರಲ್ಲೂ ಲೆಕ್ಕದವರಾಗಿದ್ದು ಮೇಲೆ ಬಂದವರಿಗೆ. ನಿಮ್ಮ ಬೆರಳಿಗೆ ಎಲ್ಲ ಶಾರ್ಟ್‌ಕಟ್‌ಗಳೂ ಗೊತ್ತು.

ಬೇರೆ ದಾರಿಗಳಿಲ್ಲವೇ? ಇವೆ. ಪಿಎಫ್, ಇಎಸ್‌ಐ, ಟಿಡಿಎಸ್ ಕೆಲಸಗಳನ್ನು ಹೊರಗಿನ ಸಲಹೆಗಾರರಿಗೆ ತಿಂಗಳ ಶುಲ್ಕಕ್ಕೆ ಒಪ್ಪಿಸಬಹುದು. ಆದರೆ ಹಾಜರಾತಿಯನ್ನೂ ಸಂಬಳದ ವಿವರವನ್ನೂ ಹೊತ್ತಿಗೆ ಸರಿಯಾಗಿ ಕೊಡುವ ಕೆಲಸ ಉಳಿದೇ ಉಳಿಯುತ್ತದೆ, ನೋಟಿಸ್ ಬರುವುದೂ ಸಂಸ್ಥೆಯ ವಿಳಾಸಕ್ಕೇ. ಇನ್ನೊಬ್ಬರನ್ನು ನೇಮಿಸಿಕೊಳ್ಳಿ ಎಂದು ಮಾಲೀಕರನ್ನು ಕೇಳುವುದು ಇನ್ನೊಂದು ದಾರಿ. ಈಗಿನ ವ್ಯವಸ್ಥೆಯಲ್ಲಿ ಅದರಿಂದ ಉಪಯೋಗವಿಲ್ಲ. ಆರನೆಯವರೂ ನಿಮ್ಮ ಬಳಿಗೇ ಒಟಿಪಿ ಕೇಳಿಕೊಂಡು ಬರುತ್ತಾರೆ.

ಈಗ ನಿಮ್ಮ ಕೊನೆಯ ಪ್ರಶ್ನೆ. ಆ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಖರ್ಚು ಕಡಿಮೆ ಮಾಡಲು ಹವಣಿಸುವ ಮಾಲೀಕರು ಇದ್ದಾರೆ. ಆದರೆ ಇಂದು ಅವರ ಕಣ್ಣಿಗೆ ನೀವು ಏನಾಗಿ ಕಾಣುತ್ತಿದ್ದೀರಿ? ಲೆಕ್ಕವನ್ನೂ ಬರೆಯುವ, ಇ-ವೇ ಬಿಲ್ಲನ್ನೂ ತೆಗೆಯುವ, ರಾತ್ರಿಯವರೆಗೂ ಕೂರುವ ಒಬ್ಬ ಹಿರಿಯ ಲೆಕ್ಕಿಗರಾಗಿ. ಆ ಕೆಲಸಕ್ಕೆ ಬದಲಿ ಜನ ಮಾರುಕಟ್ಟೆಯಲ್ಲಿ ಸಿಗುತ್ತಾರೆ. ಮಾಲೀಕರು ತಾವು ಮಾಡಲಾಗದ್ದನ್ನು ನಿಮ್ಮಿಂದ ಪಡೆಯುವಂತಾಗಬೇಕು. ಯಾವ ಗ್ರಾಹಕರ ಹಣ ಎಷ್ಟು ತಡವಾಗುತ್ತಿದೆ, ಮುಂದಿನ ತಿಂಗಳು ನಗದು ಸಾಲುತ್ತದೆಯೇ, ಬ್ಯಾಂಕಿನ ಮಿತಿ ಹೆಚ್ಚಿಸಿಕೊಳ್ಳಲು ಏನು ಬೇಕು? ಬಿಡುವಾದ ಗಂಟೆಗಳಲ್ಲಿ ಇವುಗಳ ಬಗ್ಗೆ ಒಂದು ಪುಟದ ಟಿಪ್ಪಣಿ ಸಿದ್ಧಮಾಡಿ ಪ್ರತಿ ಸೋಮವಾರ ಅವರ ಮುಂದಿಡಿ. ಇದನ್ನು ಮಾಡದೆ ಬರೀ ಕೆಲಸ ಬಿಟ್ಟುಕೊಟ್ಟರೆ ನಿಮ್ಮ ಭಯ ನಿಜವಾಗಲೂಬಹುದು.

ಮಾಲೀಕರನ್ನು ಮೊದಲೇ ಒಳಗೆ ತೆಗೆದುಕೊಳ್ಳುವುದೂ ಅಗತ್ಯ. ಅವರು ಹಳೆಯ ಅಭ್ಯಾಸದಿಂದ ಎಲ್ಲದಕ್ಕೂ ನಿಮ್ಮನ್ನೇ ಕರೆಯುತ್ತಾರೆ. ‘ಸರ್, ರವಾನೆಯ ವಿಷಯ ಅವನನ್ನೇ ಕೇಳಿ, ಅವನಿಗೆ ಒಪ್ಪಿಸಿದ್ದೇನೆ’ ಎಂದು ನಾಲ್ಕು ಸಲ ಹೇಳಿದರೆ ಐದನೆಯ ಸಲ ಅವರೇ ನೇರವಾಗಿ ಕೇಳುತ್ತಾರೆ. ಮೊದಲ ತಪ್ಪು ಆದಾಗ ‘ಅವಳು ಮಾಡಿದ್ದು’ ಎನ್ನಬೇಡಿ, ‘ನಮ್ಮಿಂದ ಹೀಗಾಯಿತು, ಇಂದು ಸಂಜೆಯೊಳಗೆ ಸರಿಪಡಿಸಿ ಕಳಿಸುತ್ತೇವೆ’ ಎನ್ನಿ. ಆ ಮಾತು ಗೋಡೆಯಾಚೆಗೂ ಕೇಳಿಸುತ್ತದೆ.

ಕೊನೆಯದಾಗಿ ಸಂಬಳದ ವಿಷಯ. ರವಾನೆಯ ಹುಡುಗ, ಸಹಾಯಕಿ ಇಬ್ಬರೂ ಈಗಿನದಕ್ಕಿಂತ ಭಾರವಾದ ಕೆಲಸ ಹೊರಲಿದ್ದಾರೆ. ಜಿಎಸ್‌ಟಿ, ಇ-ವೇ ಬಿಲ್, ಬ್ಯಾಂಕ್ ವ್ಯವಹಾರ ಸ್ವತಂತ್ರವಾಗಿ ಮಾಡಬಲ್ಲವರಿಗೆ ಅದೇ ಕೈಗಾರಿಕಾ ವಸಾಹತಿನ ಮುಂದಿನ ರಸ್ತೆಯಲ್ಲೇ ಹೆಚ್ಚು ಸಂಬಳಕ್ಕೆ ಕೆಲಸ ಸಿಗುತ್ತದೆ. ಹೊಣೆ ಹೊರಿಸಿ ಸಂಬಳ ಅಷ್ಟಕ್ಕೇ ಇಟ್ಟರೆ ನೀವು ಕಲಿಸಿದ್ದು ಬೇರೆಯವರಿಗೆ ದಕ್ಕುತ್ತದೆ. ಮುಂದಿನ ವೇತನ ಪರಿಷ್ಕರಣೆಯ ಹೊತ್ತಿಗೆ ಅವರು ಆರು ತಿಂಗಳಿನಿಂದ ಏನೇನನ್ನು ತಾವಾಗಿಯೇ ನಿಭಾಯಿಸಿದ್ದಾರೆ ಎಂಬುದರ ಪಟ್ಟಿ ಇಟ್ಟುಕೊಂಡು ಮಾಲೀಕರೊಡನೆ ಮಾತಾಡಿ. ಆ ಪಟ್ಟಿಯನ್ನು ಇಂದಿನಿಂದಲೇ, ತಾರೀಖು ಸಮೇತ, ಒಂದು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿ.